ಮೊದಲ ರೆಕ್ಕೆ ಯಾವುದು? ಹವ್ಯಾಸದ ಹಾರಾಟಕ್ಕೆ ಹೊಸಬರಾಗಿ ಬರುವವರಿಗೆ ಒಂದು ಹೋಲಿಕೆ

ಹಾರಾಟ ಕಲಿಯಬೇಕೆಂದು ಬರುವವರು ಮೊದಲು ವಿಚಾರಿಸುವುದು ಯಂತ್ರವನ್ನು. ಯಾವುದು ಅಗ್ಗ, ಯಾವುದು ಸುರಕ್ಷಿತ, ಯಾವುದರಲ್ಲಿ ಬೇಗ ಒಬ್ಬರೇ ಹಾರಬಹುದು ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ನನ್ನ ಲೆಕ್ಕದಲ್ಲಿ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಬೇರೆ: ತಿಂಗಳಿಗೆ ಎರಡು ಸಲವಾದರೂ ಹೋಗಿಬರಬಲ್ಲಷ್ಟು ಹತ್ತಿರದಲ್ಲಿ ಯಾವ ಮೈದಾನ ಅಥವಾ ಗುಡ್ಡವಿದೆ, ಅಲ್ಲಿ ಹಾರುತ್ತಿರುವವರು ಹೊಸಬರನ್ನು ಹೇಗೆ ನೋಡಿಕೊಳ್ಳುತ್ತಾರೆ? ಹಾರಾಟ ಆರಂಭಿಸಿ ಅರ್ಧಕ್ಕೆ ಬಿಟ್ಟವರನ್ನು ಮಾತನಾಡಿಸಿ ನೋಡಿ. ನಾನು ಕಂಡಂತೆ ಭಯದಿಂದ ಬಿಟ್ಟವರು ಕಡಿಮೆ. ಪ್ರಯಾಣ ಸಾಕಾಯಿತು, ನಡುವೆ ಅಂತರ ಬಿದ್ದು ಕಲಿತದ್ದು ಕೈತಪ್ಪಿತು, ಹೋದಲ್ಲಿ 'ಬನ್ನಿ' ಎನ್ನುವವರು ಇರಲಿಲ್ಲ ಎನ್ನುವವರೇ ಹೆಚ್ಚು.

ಇನ್ನೊಂದನ್ನೂ ಮೊದಲೇ ಹೇಳಬೇಕು. ಹಾರುವವರ ನಡುವೆಯೂ ಮೇಲು ಕೀಳಿನ ಎಣಿಕೆ ಇದೆ. ನಾಲ್ಕು ಆಸನದ ವಿಮಾನದವರಿಗೆ ಒಬ್ಬಿಬ್ಬರಷ್ಟೇ ಕೂರುವ ಹಗುರ ವಿಮಾನ ಮೈಕ್ರೋಲೈಟ್ ಆಟಿಕೆಯಂತೆ ಕಾಣುತ್ತದೆ. ಇಂಜಿನ್ನೇ ಇಲ್ಲದ ವಿಮಾನವಾದ ಗ್ಲೈಡರ್‌ನವರು ಇಂಜಿನ್ ಸದ್ದಿಗೆ ಮುಖ ಸಿಂಡರಿಸುತ್ತಾರೆ. ಬಟ್ಟೆಯ ರೆಕ್ಕೆಯಲ್ಲಿ ಗುಡ್ಡದಿಂದ ಹಾರುವ ಪ್ಯಾರಾಗ್ಲೈಡರ್ ಪೈಲಟ್‌ಗಳಲ್ಲಿ ಕೆಲವರು, ಬೆನ್ನಿಗೆ ಮೋಟಾರು ಕಟ್ಟಿಕೊಂಡವರನ್ನು ತಮ್ಮ ಪೈಕಿ ಎಂದು ಒಪ್ಪುವುದಿಲ್ಲ. ಹೊಸಬರು ಇದನ್ನು ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2022ರಲ್ಲಿ ಹೊರತಂದ ರಾಷ್ಟ್ರೀಯ ವಾಯು ಕ್ರೀಡಾ ನೀತಿಯೇ ಪ್ಯಾರಾಗ್ಲೈಡಿಂಗ್, ಪ್ಯಾರಾಮೋಟರಿಂಗ್, ಹ್ಯಾಂಗ್ ಗ್ಲೈಡಿಂಗ್, ಗ್ಲೈಡಿಂಗ್, ಮೈಕ್ರೋಲೈಟ್, ಬಲೂನು, ಹವ್ಯಾಸಿಗಳು ತಾವೇ ಕಟ್ಟಿಕೊಂಡ ವಿಮಾನ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿದೆ. ಗಾಳಿಯ ದಿಕ್ಕು ನೋಡುವುದು, ಇಳಿಯುವ ಜಾಗವನ್ನು ಮೊದಲೇ ಗುರುತಿಸಿಕೊಳ್ಳುವುದು, ಮನಸ್ಸು ಒಪ್ಪದ ದಿನ ಹಾರದೆ ಮನೆಗೆ ಮರಳುವುದು, ಇವನ್ನು ನಾಲ್ಕು ಕಿಲೋ ಬಟ್ಟೆಯ ರೆಕ್ಕೆಯವರೂ ಸಾವಿರ ಕಿಲೋ ಲೋಹದ ವಿಮಾನದವರೂ ಸಮನಾಗಿಯೇ ಕಲಿಯಬೇಕು.

ಪ್ಯಾರಾಗ್ಲೈಡರ್: ಬೆನ್ನ ಮೇಲಿನ ಚೀಲದಲ್ಲಿ ಹಿಡಿಸುವ ವಿಮಾನ

1978ರಲ್ಲಿ ಫ್ರಾನ್ಸಿನ ಮಿಯೂಸಿ ಎಂಬ ಊರಿನಲ್ಲಿ ಪ್ಯಾರಾಚೂಟ್ ಹವ್ಯಾಸದ ಮೂವರು, ಮೇಲಕ್ಕೆ ಒಯ್ಯುವ ವಿಮಾನದ ಖರ್ಚಿಲ್ಲದೆ ಹಾರುವ ದಾರಿ ಹುಡುಕುತ್ತಾ ಗುಡ್ಡದ ಇಳಿಜಾರಿನಲ್ಲಿ ಓಡಿ ಗಾಳಿಗೆ ಏರಿದರು. ಪ್ಯಾರಾಗ್ಲೈಡಿಂಗ್ ಬೆಳೆದದ್ದು ಅಲ್ಲಿಂದ. ಇಂದಿಗೂ ಒಬ್ಬರೇ ಹಾರುವ ಹಂತಕ್ಕೆ ಅತಿ ಕಡಿಮೆ ಹಣದಲ್ಲಿ ತಲುಪಿಸುವ ದಾರಿ ಇದೇ. ರೆಕ್ಕೆಯ ತೂಕ ನಾಲ್ಕರಿಂದ ಆರು ಕೆಜಿ. ಕುಳಿತುಕೊಳ್ಳುವ ಹಾರ್ನೆಸ್, ಆಪತ್ತಿಗಿರುವ ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್ ಎಲ್ಲ ಸೇರಿ 15ರಿಂದ 20 ಕೆಜಿ. ವಿಮಾನ ನಿಲ್ಲಿಸುವ ಹ್ಯಾಂಗರ್‌ನ ಬಾಡಿಗೆ ಇಲ್ಲ, ಇಂಧನವಿಲ್ಲ. ರಾತ್ರಿ ಬಸ್ಸಿನಲ್ಲಿ ಜೊತೆಗೇ ಒಯ್ಯಬಹುದು.

ದಕ್ಷಿಣದಿಂದ ಹೋಗಿ ಕಲಿಯುವವರಿಗೆ ಮಹಾರಾಷ್ಟ್ರದ ಕಾಮ್‌ಶೇತ್ ಒಳ್ಳೆಯ ಆಯ್ಕೆ. ಪುಣೆ ಮತ್ತು ಲೋನಾವಳದ ನಡುವೆ, ಸಹ್ಯಾದ್ರಿಯ ತಗ್ಗು ಗುಡ್ಡಗಳ ನಡುವಿನ ಊರು. ಅಕ್ಟೋಬರ್‌ನಿಂದ ಮೇ ತನಕ ಹಾರಾಟದ ಕಾಲ. ಬೆಳಗಾವಿ, ಹುಬ್ಬಳ್ಳಿಯವರಿಗೆ ಅದು ಒಂದು ರಾತ್ರಿಯ ದಾರಿ. ಬೆಂಗಳೂರಿನವರಿಗೆ ಹಾಗಲ್ಲ; ವಾರಾಂತ್ಯಕ್ಕೆ ಹೋಗಿಬರಲು ಆಗದು, ವಾರಗಟ್ಟಲೆ ರಜೆ ಹಾಕಿ ಒಂದೇ ಉಸಿರಿಗೆ ಕಲಿಯಬೇಕಾಗುತ್ತದೆ. ಹಿಮಾಚಲದ ಬೀರ್-ಬಿಲ್ಲಿಂಗ್ ಹೆಸರು ಇದಕ್ಕಿಂತ ದೊಡ್ಡದು: ಹಾರುವ ಜಾಗ ಬಿಲ್ಲಿಂಗ್ ಸುಮಾರು 2400 ಮೀಟರ್ ಎತ್ತರದಲ್ಲಿದೆ, ಇಳಿಯುವುದು ಕೆಳಗಿನ ಬೀರ್‌ನಲ್ಲಿ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಅಲ್ಲಿಯೇ. ಆದರೆ ಅಷ್ಟು ಎತ್ತರದ ಪರ್ವತದ ಗಾಳಿ ಹೊಸಬರ ಪಾಠಶಾಲೆಯಲ್ಲ. ಚಿಕ್ಕ ಗುಡ್ಡದಲ್ಲಿ ಕಲಿತು, ಕೈ ಪಳಗಿದ ಮೇಲೆ ಬೀರ್‌ಗೆ ಹೋಗುವುದು ಸರಿಯಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಳೆಗಾಲದ ಕಾರಣಕ್ಕೆ ಹಿಮಾಚಲದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಾರಾಟಕ್ಕೆ ನಿಷೇಧವಿರುತ್ತದೆ ಎಂಬುದನ್ನೂ ರಜೆ ಹಾಕುವ ಮೊದಲು ನೆನಪಿಡಿ.

ಪೈಲಟ್ ಜೊತೆ ಕುಳಿತು ಹತ್ತು ಹದಿನೈದು ನಿಮಿಷ ಹಾರಿ ಬರುವ ಟ್ಯಾಂಡೆಮ್ ಬೇರೆ, ಕಲಿಯುವುದು ಬೇರೆ. ಕಲಿಕೆಯ ಮೊದಲ ದಿನಗಳು ಪೂರ್ತಿ ನೆಲದ ಮೇಲೆ ಕಳೆಯುತ್ತವೆ: ರೆಕ್ಕೆ ಹಾಸುವುದು, ದಾರಗಳನ್ನು ಬಿಡಿಸುವುದು, ಗಾಳಿಗೆ ಎತ್ತಿ ತಲೆಯ ಮೇಲೆ ನಿಲ್ಲಿಸಿಕೊಳ್ಳುವುದು. ಬೆವರು ಸುರಿಯುವ, ತಾಳ್ಮೆ ಕೇಳುವ ಕೆಲಸ. ಎರಡನೆಯ ದಿನಕ್ಕೇ ಎತ್ತರದಿಂದ ಹಾರಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ.

ರೆಕ್ಕೆಗಳಿಗೆ ಯುರೋಪಿನ ಇಎನ್ ಮಾನದಂಡದಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಎ ವರ್ಗದ ರೆಕ್ಕೆ ಮಡಚಿಕೊಂಡರೂ ಬಹುಮಟ್ಟಿಗೆ ತಾನೇ ತೆರೆದುಕೊಳ್ಳುವಂತೆ ಮಾಡಿದ್ದು. ಡಿ ಸ್ಪರ್ಧೆಯ ಮಟ್ಟದ ಪೈಲಟ್‌ಗಳದ್ದು. ಪ್ರತಿ ರೆಕ್ಕೆಗೂ ತೂಕದ ಮಿತಿ ಬರೆದಿರುತ್ತದೆ. ಆ ತೂಕ ಎಂದರೆ ನಿಮ್ಮದೂ ಸಾಮಾನಿನದೂ ಸೇರಿ. ಐವತ್ತು ಕಿಲೋ ತೂಗುವವರು ಎಂಬತ್ತು ಕಿಲೋದವರ ಹಳೆಯ ರೆಕ್ಕೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬಾರದು. ಬಿಸಿಲಿಗೆ ಬಟ್ಟೆ ಸವೆದು ಗಾಳಿ ಸೋರತೊಡಗುತ್ತದೆ. ಹೊಳೆಯುವ ಬಣ್ಣ ನೋಡಿ ಅದು ತಿಳಿಯದು. ತರಬೇತಿ ಮುಗಿಯುವ ತನಕ ಏನನ್ನೂ ಕೊಳ್ಳದೆ, ಕೊಳ್ಳುವಾಗ ಕಲಿಸಿದವರನ್ನೇ ಜೊತೆಗೆ ಕರೆದೊಯ್ಯಿರಿ.

ಇದರ ನಿಜವಾದ ಬೆಲೆ ಕಾಯುವಿಕೆ. ಈ ರೆಕ್ಕೆ ಸಾಮಾನ್ಯವಾಗಿ ಗಂಟೆಗೆ 35ರಿಂದ 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಎದುರುಗಾಳಿಯೇ ಮೂವತ್ತಾದರೆ ನೀವು ಬಹುತೇಕ ನಿಂತಲ್ಲೇ ನಿಂತಿರುತ್ತೀರಿ, ಇನ್ನಷ್ಟು ಹೆಚ್ಚಾದರೆ ಗುಡ್ಡದ ಹಿಂದಕ್ಕೆ ತಳ್ಳಿಹೋಗುತ್ತೀರಿ. ಅಲ್ಲಿ ಗಾಳಿ ಕೆಳಮುಖವಾಗಿ ಸುತ್ತುತ್ತಿರುತ್ತದೆ. ಅದಕ್ಕೇ ಹೊಸಬರಿಗೆ ಬೆಳಗಿನ ಒಂದೆರಡು ಗಂಟೆ, ಸಂಜೆಯ ಒಂದೆರಡು ಗಂಟೆ ಮಾತ್ರ. ಬಯಲುಸೀಮೆಯಲ್ಲಿ ಬೆಳೆದವರು ಬೇಸಿಗೆಯ ಮಧ್ಯಾಹ್ನ ಹೊಲದಲ್ಲಿ ಮಣ್ಣೆತ್ತಿಕೊಂಡು ತಿರುಗುವ ಸುಳಿಗಾಳಿಯನ್ನು ಕಂಡಿರುತ್ತಾರೆ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬದ ಬುಡ ಅದು. ಅದರ ಮೇಲ್ಭಾಗದಲ್ಲಿ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತಿರುತ್ತದೆ. ಪಳಗಿದವರು ಹದ್ದಿನ ಹಿಂದೆ ಹೋಗಿ ಗಂಟೆಗಟ್ಟಲೆ ಹಾರುತ್ತಾರೆ. ಹೊಸಬರಿಗೆ ಆ ಹೊತ್ತು ನೆರಳಲ್ಲಿ ಕುಳಿತು ನೋಡುವ ಹೊತ್ತು. ಅಂದಹಾಗೆ, ಹಾಗೆ ಕುಳಿತು ನೋಡುವಾಗ ಕಲಿಯುವುದು ತುಂಬ ಇದೆ.

ಮಂಡಿ, ಪಾದದ ಕೀಲು ದುರ್ಬಲವಾಗಿದ್ದರೆ ಮೊದಲೇ ತಿಳಿಸಿ. ಹಾರಲು ಓಡಬೇಕು, ಇಳಿಯುವಾಗ ಕಾಲೇ ಚಕ್ರ.

ಬೆನ್ನಿಗೆ ಮೋಟಾರು

ಗುಡ್ಡವಿಲ್ಲದ ಊರಿನವರಿಗೆ ಪ್ಯಾರಾಮೋಟರ್ ಇದೆ. ಅದೇ ಬಗೆಯ ರೆಕ್ಕೆಗೆ 20ರಿಂದ 35 ಕೆಜಿಯ ಇಂಜಿನ್ ಮತ್ತು ಪ್ರೊಪೆಲ್ಲರ್ ಬೆನ್ನ ಮೇಲೆ ಸೇರುತ್ತದೆ. ಸಮತಟ್ಟಾದ ಬಯಲಿನಿಂದಲೇ ಏರಬಹುದು. ಗಾಳಿ ಶಾಂತವಾಗಿರುವ ಮುಂಜಾವಿನಲ್ಲಿ ಹಾರಬಹುದಾದ್ದರಿಂದ ಕಾಯುವುದು ಕಡಿಮೆ. ಆದರೆ ಅಷ್ಟು ಭಾರ ಹೊತ್ತು ಓಡಬೇಕು, ನೀರಿನ ಮೇಲೆ ಇಳಿಯಬೇಕಾಗಿ ಬಂದರೆ ಆ ಭಾರವೇ ಕಂಟಕ. ಕೆರೆಯ ಮೇಲೆ ತಗ್ಗಿನಲ್ಲಿ ಹಾರುವ ಆಸೆಯನ್ನು ಬಿಡಬೇಕು. ತೀವ್ರವಾದ ಗಾಯಗಳು ಆಕಾಶದಲ್ಲಷ್ಟೇ ಅಲ್ಲ, ನೆಲದ ಮೇಲೆ ಇಂಜಿನ್ ಚಾಲೂ ಮಾಡುವಾಗ ಪ್ರೊಪೆಲ್ಲರ್‌ಗೆ ಕೈ ಸಿಕ್ಕಿಯೂ ಆಗುತ್ತವೆ. ಆದ್ದರಿಂದ ಮೊದಲು ಮೋಟಾರಿಲ್ಲದೆ ರೆಕ್ಕೆಯನ್ನು ಕಲಿತು ಆಮೇಲೆ ಇದಕ್ಕೆ ಬನ್ನಿ. ಬೆಂಗಳೂರಿನ ಸುತ್ತ ಕೆಂಪೇಗೌಡ ವಿಮಾನ ನಿಲ್ದಾಣ, ಯಲಹಂಕದ ವಾಯುನೆಲೆ, ಎಚ್‌ಎಎಲ್ ನಿಲ್ದಾಣ, ಸಣ್ಣ ವಿಮಾನಗಳ ಜಕ್ಕೂರು ಮೈದಾನ ಎಲ್ಲ ಒತ್ತೊತ್ತಾಗಿವೆ. ಅಲ್ಲಿ ಹೊಲ ನಿಮ್ಮದೇ ಆದರೂ ಅದರ ಮೇಲಿನ ಆಕಾಶದಲ್ಲಿ ಅನುಮತಿಯಿಲ್ಲದೆ ಹಾರುವಂತಿಲ್ಲ.

ಮೈಕ್ರೋಲೈಟ್: ಬೆಂಗಳೂರಿಗೆ ಹತ್ತಿರದ ನೆಂಟ

ಭಾರತದ ನಿಯಮದ ಪ್ರಕಾರ ಮೈಕ್ರೋಲೈಟ್ ಎಂದರೆ ಹೆಚ್ಚೆಂದರೆ ಇಬ್ಬರು ಕೂರುವ, ಎಲ್ಲ ಸೇರಿ 450 ಕೆಜಿ ಮೀರದ ವಿಮಾನ. ಇದರಲ್ಲಿ ಬೆಂಗಳೂರಿಗೆ ಹೆಮ್ಮೆಯ ಪಾಲಿದೆ. ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆನಿಂತ ಜೋಯೆಲ್ ಕೋಷ್ಲಿನ್ ಕಟ್ಟಿದ ರಾಜಹಂಸ ಸಂಸ್ಥೆ ಬೆಂಗಳೂರಿನಲ್ಲೇ ತಯಾರಿಸಿದ ಎಕ್ಸ್-ಏರ್ ವಿಮಾನಗಳು ಫ್ರಾನ್ಸ್, ಬ್ರಿಟನ್‌ಗಳಲ್ಲೂ ಹಾರಿದವು. ಕೊಳವೆ ಮತ್ತು ಬಟ್ಟೆಯ ಸರಳ ವಿಮಾನ, ಎಷ್ಟೋ ಜನರ ಮೊದಲ ರೆಕ್ಕೆ. ಅದನ್ನು ಹಗುರ ಎಂದು ಹಗುರವಾಗಿ ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಇದರಲ್ಲಿ ಎರಡು ಬಗೆ, ಆರಿಸುವ ಮೊದಲು ವ್ಯತ್ಯಾಸ ಗೊತ್ತಿರಬೇಕು. ಒಂದು, ಸಾಮಾನ್ಯ ವಿಮಾನದಂತೆ ಕೋಲು ಮತ್ತು ಪಾದದ ಪೆಡಲ್‌ಗಳಿರುವುದು. ಇನ್ನೊಂದು ಟ್ರೈಕ್: ಮೂರು ಚಕ್ರದ ಗಾಡಿಯ ಮೇಲೆ ತ್ರಿಕೋನದ ರೆಕ್ಕೆ, ಕೈಯಲ್ಲಿ ಅಡ್ಡಪಟ್ಟಿ, ದೇಹದ ಭಾರವನ್ನು ಸರಿಸಿಯೇ ತಿರುಗಿಸಬೇಕು. ಟ್ರೈಕ್‌ನಲ್ಲಿ ಪಟ್ಟಿಯನ್ನು ಮುಂದೆ ತಳ್ಳಿದರೆ ವೇಗ ತಗ್ಗುತ್ತದೆ, ಎಳೆದರೆ ಹೆಚ್ಚುತ್ತದೆ. ಕೋಲಿನ ವಿಮಾನದಲ್ಲಿ ಇದು ಪೂರ್ತಿ ತಿರುವುಮುರುವು. ಮುಂದೆ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಕಾಣುವ ಸಣ್ಣ ವಿಮಾನ ಸೆಸ್ನಾ ನಡೆಸುವ ಆಸೆ ಇರುವವರು ಟ್ರೈಕ್‌ನಲ್ಲಿ ಆರಂಭಿಸಿದರೆ, ಗಾಬರಿಯ ಗಳಿಗೆಯಲ್ಲಿ ಕೈ ಹಳೆಯ ಅಭ್ಯಾಸಕ್ಕೆ ಹೋಗುವ ಅಪಾಯವಿದೆ. ಅಂಥವರು ಮೊದಲಿನಿಂದಲೇ ಕೋಲಿನ ಬಗೆಯನ್ನು ಆರಿಸಲಿ. ತೆರೆದ ಗಾಳಿಯಲ್ಲಿ ಕುಳಿತು ಊರು ಕೆರೆ ನೋಡುತ್ತಾ ಹಾರುವುದಷ್ಟೇ ಸಾಕು ಎನ್ನುವವರಿಗೆ ಟ್ರೈಕ್‌ನಷ್ಟು ಸೊಗಸು ಬೇರೆ ಇಲ್ಲ.

ಖರ್ಚು ಪ್ಯಾರಾಗ್ಲೈಡಿಂಗ್‌ಗಿಂತ ಬಹಳ ಹೆಚ್ಚು, ಸೆಸ್ನಾಗಿಂತ ಕಡಿಮೆ. ಇವುಗಳಲ್ಲಿ ಸಾಮಾನ್ಯವಾದ ರೋಟ್ಯಾಕ್ಸ್ ಇಂಜಿನ್ ಕಾರಿನ ಬಗೆಯ ಪೆಟ್ರೋಲಿನಲ್ಲೂ ಓಡುವಂತೆ ಮಾಡಿದ್ದು ಎಂಬುದು ಅದಕ್ಕೆ ಒಂದು ಕಾರಣ. ಒಂದು ಎಚ್ಚರ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಇಂಥ ಇಂಜಿನ್‌ಗಳು ಸಾವಿರ ಅಡಿಗೆ ಶೇ 3ರಷ್ಟು ಬಲ ಕಳೆದುಕೊಳ್ಳುವುದರಿಂದ ಇಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಬಲ ಹಾರುವ ಮೊದಲೇ ಹೋಗಿರುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ಸೇರಿದರೆ ಇನ್ನಷ್ಟು. ಇಬ್ಬರು ದಪ್ಪ ಆಸಾಮಿಗಳು ತುಂಬಿದ ಟ್ಯಾಂಕಿನೊಂದಿಗೆ ಮಂಗಳೂರಿನಲ್ಲಿ ಏರಿದಂತೆ ಬೆಂಗಳೂರಿನಲ್ಲಿ ಏರಲಾರರು. ತರಬೇತುದಾರರು ಹಾರುವ ಮೊದಲು ನಿಮ್ಮ ತೂಕ ಕೇಳಿದರೆ ಸಂಕೋಚಪಡದೆ ನಿಜ ಹೇಳಿ; ಕೇಳದಿದ್ದರೆ ಏಕೆ ಕೇಳಲಿಲ್ಲ ಎಂದು ನೀವೇ ಕೇಳಿ.

ಕಾಲೇಜಿನಲ್ಲಿರುವ ಮಕ್ಕಳಿಗೆ ಇಲ್ಲಿ ಒಂದು ಬಾಗಿಲು ತೆರೆದೇ ಇದೆ. ಎನ್‌ಸಿಸಿಯ ಏರ್ ವಿಂಗ್ ತನ್ನ ಕೆಡೆಟ್‌ಗಳನ್ನು ಮೈಕ್ರೋಲೈಟ್‌ನಲ್ಲಿ ಹಾರಿಸುತ್ತದೆ. ಹಣವಿಲ್ಲದ ಮನೆಯ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಮಕ್ಕಳಿಗೆ ಇದನ್ನು ಹೇಳುವವರೇ ಕಡಿಮೆ ಎಂಬುದೇ ಕೊರಗು.

ಗ್ಲೈಡರ್: ಒಬ್ಬರಿಂದ ಆಗದ ಹಾರಾಟ

ಇಂಜಿನ್ ಇಲ್ಲದ, ಉದ್ದನೆಯ ತೆಳು ರೆಕ್ಕೆಯ ಈ ವಿಮಾನದ ಬಗ್ಗೆ ನನಗೆ ವಿಶೇಷ ಪ್ರೀತಿ, ಬಚ್ಚಿಡುವುದಿಲ್ಲ. 1979ರಲ್ಲಿ ಜರ್ಮನಿಯಲ್ಲಿ ಮೊದಲು ಹಾರಿದ, ಇಂದಿಗೂ ಜಗತ್ತಿನ ಎಷ್ಟೋ ಕ್ಲಬ್‌ಗಳಲ್ಲಿ ಕಲಿಸಲು ಬಳಸುವ ಎಎಸ್‌ಕೆ 21 ಒಂದು ಕಿಲೋಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಸುಮಾರು 34 ಕಿಲೋಮೀಟರ್ ಸಾಗಬಲ್ಲದು. ಪ್ಯಾರಾಗ್ಲೈಡರ್ ಎಂಟೋ ಹತ್ತೋ ಕಿಲೋಮೀಟರ್. ವಿಂಚ್ ಎಂಬ ಯಂತ್ರ ಗ್ಲೈಡರ್‌ಗೆ ಸಿಕ್ಕಿಸಿದ ಉದ್ದನೆಯ ಹಗ್ಗವನ್ನು ಸರ್ರನೆ ಸುತ್ತಿಕೊಳ್ಳುತ್ತದೆ, ಒಂದು ನಿಮಿಷದೊಳಗೆ ನೀವು ಮುನ್ನೂರು ನಾನೂರು ಮೀಟರ್ ಮೇಲಿರುತ್ತೀರಿ.

ಹೊಸಬರ ದೃಷ್ಟಿಯಿಂದ ಇದರ ಹಿರಿಮೆ ಬೇರೆಯೇ. ಒಂದು ಗ್ಲೈಡರ್ ಏರಬೇಕಾದರೆ ರೆಕ್ಕೆಯ ತುದಿ ಹಿಡಿದು ಓಡುವವರು ಬೇಕು, ವಿಂಚ್ ನಡೆಸುವವರು ಬೇಕು, ಹಗ್ಗ ಎಳೆದು ತರುವವರು ಬೇಕು, ಸಮಯ ಬರೆದಿಡುವವರು ಬೇಕು. ನೀವು ಮೊದಲ ದಿನ ಹೋದಾಗಲೇ ನಿಮ್ಮ ಕೈಗೆ ರೆಕ್ಕೆಯ ತುದಿ ಕೊಡುತ್ತಾರೆ. ಸಂಜೆ ಎಲ್ಲರ ಜೊತೆ ಹ್ಯಾಂಗರ್‌ಗೆ ವಿಮಾನ ತಳ್ಳುವಾಗ ನೀವು ಆಗಲೇ ಒಳಗಿನವರು. ಸೆಸ್ನಾ ಕಲಿಯುವವರು ತಿಂಗಳುಗಟ್ಟಲೆ ಬಂದರೂ ಒಬ್ಬ ತರಬೇತುದಾರರ ಹೊರತು ಯಾರ ಹೆಸರೂ ಗೊತ್ತಿಲ್ಲದೆ ಉಳಿಯಬಹುದು. ಗ್ಲೈಡರ್ ಮೈದಾನದಲ್ಲಿ ಅದು ಅಸಾಧ್ಯ. ಬೆಲೆ ಎಂದರೆ ಸಮಯ: ಹತ್ತು ನಿಮಿಷದ ಹಾರಾಟಕ್ಕೆ ಇಡೀ ದಿನ ಮೈದಾನದಲ್ಲಿರಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇದನ್ನು ಮನೆಯವರೊಂದಿಗೆ ಮಾತನಾಡಿಯೇ ತೀರ್ಮಾನಿಸಬೇಕು.

ಭಾರತದಲ್ಲಿ ಗ್ಲೈಡಿಂಗ್ ತೀರಾ ಸೊರಗಿದೆ. ಪುಣೆಯ ಹಡಪ್ಸರ, ಕಾನ್ಪುರದ ಐಐಟಿ ಇದರ ಹಳೆಯ ನೆಲೆಗಳು. ಹೊರಡುವ ಮುನ್ನ ಹೊಸಬರಿಗೆ ಈಗ ಅವಕಾಶವಿದೆಯೇ ಎಂದು ವಿಚಾರಿಸಿಕೊಳ್ಳಿ. ಆದರೆ ಓದಿಗೋ ಕೆಲಸಕ್ಕೋ ಜರ್ಮನಿ, ಬ್ರಿಟನ್‌ಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ನನ್ನ ಮೊದಲ ಸಲಹೆ ಗ್ಲೈಡರ್ ಕ್ಲಬ್ಬೇ. ಅಲ್ಲಿ ತರಬೇತುದಾರರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ಹಾಗಾಗಿ ಖರ್ಚು ಮಿತ. ಎರಡೂ ದೇಶಗಳಲ್ಲಿ 14ನೇ ವಯಸ್ಸಿಗೇ ಒಬ್ಬರೇ ಹಾರಲು ಅವಕಾಶವಿದೆ. ಪರದೇಶದ ಊರಿನಲ್ಲಿ ಸಹೋದ್ಯೋಗಿಗಳಾಚೆ ನಾಲ್ಕು ಜನ ಆಪ್ತರು ಸಿಗುವುದೂ ಅಲ್ಲೇ.

ಸೆಸ್ನಾ ಮತ್ತು ಖಾಸಗಿ ಪೈಲಟ್ ಪರವಾನಗಿ

ಇದು ಎಲ್ಲರಿಗೂ ಗೊತ್ತಿರುವ ದಾರಿ, ಹೆಚ್ಚು ಹೇಳುವುದಿಲ್ಲ. ಭಾರತದಲ್ಲಿ ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆ ದಾಟಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಗಂಟೆಗೆ ಹತ್ತು ಸಾವಿರ ರೂಪಾಯಿ ದಾಟುವುದರಿಂದ ಇದು ಲಕ್ಷಗಳ ಬಾಬ್ತು. ನಲವತ್ತೇ ಗಂಟೆಯಲ್ಲಿ ಮುಗಿಸುವವರು ವಿರಳ ಎಂದು ಲೆಕ್ಕ ಹಾಕಿಕೊಳ್ಳಿ. ಪ್ರತಿಯಾಗಿ ಸಿಗುವುದು ದೊಡ್ಡದು: ಊರಿಂದ ಊರಿಗೆ ಹೋಗಬಹುದು, ಮನೆಯವರನ್ನು ಕೂರಿಸಿಕೊಳ್ಳಬಹುದು, ಗಾಳಿ ಸ್ವಲ್ಪ ಹೆಚ್ಚಿದ್ದರೂ ಹಾರಬಹುದು. ವೈದ್ಯಕೀಯ ಪರೀಕ್ಷೆಯನ್ನು ಮೊದಲು ಮುಗಿಸಿ, ಹಣ ಕಟ್ಟುವುದನ್ನು ಆಮೇಲೆ ಮಾಡಿ. ಪೂರ್ತಿ ಹಣವನ್ನು ಒಂದೇ ಕಂತಿನಲ್ಲಿ ಮುಂಗಡ ಕೇಳುವ ಕಡೆ ಎರಡು ಸಲ ಯೋಚಿಸಿ.

ಸಣ್ಣ ವಿಮಾನದ ಪರಂಪರೆ ನಮ್ಮದೂ ಹೌದು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎರಡಾಸನದ ಪುಷ್ಪಕ್ 1958ರಲ್ಲಿ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರು ಅದರಲ್ಲೇ ಕಲಿಯಿತು. ಇಲ್ಲಿನದೇ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಹನ್ಸ ಆಮೇಲೆ ಬಂತು, ಅದರ ಹೊಸ ಮಾದರಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಹಾರಿತು.

ಅಮೆರಿಕದಲ್ಲಿರುವವರಿಗೆ ಆಯ್ಕೆ ಇನ್ನೂ ವಿಸ್ತಾರ. ಅಲ್ಲಿ 1982ರಿಂದ, ಖಾಲಿ ತೂಕ 254 ಪೌಂಡ್ ಮೀರದ, ಐದು ಗ್ಯಾಲನ್ ಇಂಧನದ, ಒಂದೇ ಆಸನದ ಅಲ್ಟ್ರಾಲೈಟ್‌ಗೆ ಪರವಾನಗಿಯೇ ಬೇಕಿಲ್ಲ. ಬೇಕಿಲ್ಲ ಎಂದ ಮಾತ್ರಕ್ಕೆ ಕಲಿಯದೆ ಹತ್ತಬೇಡಿ. 2004ರಲ್ಲಿ ಬಂದ ಸ್ಪೋರ್ಟ್ ಪೈಲಟ್ ಪರವಾನಗಿಗೆ ಕನಿಷ್ಠ 20 ಗಂಟೆ ಸಾಕು. ಆರೋಗ್ಯದ ವಿಷಯದಲ್ಲಿ ಕಾರಿನ ಚಾಲನಾ ಪರವಾನಗಿಯನ್ನೇ ಒಪ್ಪುತ್ತಾರೆ. ವೀಸಾದ ಮೇಲಿರುವವರು ವಿಮಾನದ ಮೊದಲ ಪರವಾನಗಿಗೆ ಕಲಿಯುವ ಮೊದಲು ಅಲ್ಲಿನ ಸಾರಿಗೆ ಭದ್ರತಾ ಇಲಾಖೆಯ ಅನುಮತಿ ಪಡೆಯಬೇಕು, ಶಾಲೆಯವರು ದಾರಿ ತೋರಿಸುತ್ತಾರೆ. ನಿಮ್ಮ ಮಕ್ಕಳು 8ರಿಂದ 17 ವರ್ಷದೊಳಗಿದ್ದರೆ ಹವ್ಯಾಸಿ ಹಾರಾಟಗಾರರ ಇಎಎ ಸಂಸ್ಥೆಯ ಯಂಗ್ ಈಗಲ್ಸ್ ಕಾರ್ಯಕ್ರಮವನ್ನು ತಪ್ಪಿಸಬೇಡಿ. 1992ರಿಂದ ಹವ್ಯಾಸಿ ಪೈಲಟ್‌ಗಳು ತಮ್ಮದೇ ವಿಮಾನ, ತಮ್ಮದೇ ಇಂಧನದಲ್ಲಿ ಮಕ್ಕಳನ್ನು ಉಚಿತವಾಗಿ ಹಾರಿಸುತ್ತಿದ್ದಾರೆ. ಹೊಸಬರನ್ನು ಬರಮಾಡಿಕೊಳ್ಳುವುದು ಹೇಗೆಂದು ನಮ್ಮ ಮೈದಾನಗಳು ಕಲಿಯಬೇಕಾದದ್ದು ಅಲ್ಲಿಂದ.

ಹಾಗಾದರೆ ಯಾವುದು?

ಧಾರವಾಡದಲ್ಲಿದ್ದು ವರ್ಷಕ್ಕೆರಡು ಸಲ ವಾರದ ರಜೆ ಸಿಗುವ, ಕಾಲು ಗಟ್ಟಿಯಿರುವ ಯುವತಿಗೆ ನಾನು ಕಾಮ್‌ಶೇತ್ ಹೇಳುತ್ತೇನೆ. ಭಾನುವಾರ ಮಾತ್ರ ಬಿಡುವಿರುವ ಬೆಂಗಳೂರಿನ ಐವತ್ತರ ಹರೆಯದವರಿಗೆ ಮೈಕ್ರೋಲೈಟ್, ಜಕ್ಕೂರಿನಿಂದಲೇ ವಿಚಾರಣೆ ಆರಂಭಿಸಿ. ಮುಂದೆ ಪೈಲಟ್ ವೃತ್ತಿಯ ಯೋಚನೆಯಿದ್ದರೆ ನೇರವಾಗಿ ಸೆಸ್ನಾ. ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿರುವವರಿಗೆ ಗ್ಲೈಡರ್. ನಿಮ್ಮ ಪರಿಸ್ಥಿತಿ ಇವುಗಳ ನಡುವೆ ಎಲ್ಲೋ ಇದ್ದರೆ, ಯಂತ್ರವನ್ನು ಮರೆತು ಎರಡು ಮೈದಾನಗಳಿಗೆ ಹೋಗಿ ಒಂದೊಂದು ಮುಂಜಾವು ಕಳೆಯಿರಿ.

ಅಲ್ಲಿ ಗಮನಿಸಬೇಕಾದವು ಇವು. ಗಾಳಿ ಸರಿಯಿಲ್ಲವೆಂದು ಯಾರಾದರೂ ಹಾರಾಟ ರದ್ದುಮಾಡಿದರೇ, ಮಾಡಿದಾಗ ಉಳಿದವರು ಅವರನ್ನು ಗೇಲಿ ಮಾಡಿದರೇ? ಹೋದ ವರ್ಷದ ಅವಘಡಗಳ ಬಗ್ಗೆ ಕೇಳಿದಾಗ ಬಿಚ್ಚುಮನಸ್ಸಿನಿಂದ ಹೇಳಿದರೇ, ಇಲ್ಲಿ ಏನೂ ಆಗಿಯೇ ಇಲ್ಲ ಎಂದರೇ? ಕಲಿಯುತ್ತಿರುವವರಲ್ಲಿ ಹೆಂಗಸರು, ವಯಸ್ಸಾದವರು ಇದ್ದಾರೆಯೇ? ನಿಮ್ಮ ದಡ್ಡ ಪ್ರಶ್ನೆಗೆ ಬಂದ ಉತ್ತರದ ಧಾಟಿ ಹೇಗಿತ್ತು? ಕಲಿಸುವವರ ಅರ್ಹತೆಯ ದಾಖಲೆ, ವಿಮೆ, ರಿಸರ್ವ್ ಪ್ಯಾರಾಚೂಟನ್ನು ಕೊನೆಯ ಬಾರಿ ಬಿಚ್ಚಿ ಮಡಚಿದ ದಿನಾಂಕ, ಇವನ್ನು ಕೇಳುವುದು ಒರಟುತನವಲ್ಲ. ಒಳ್ಳೆಯವರು ಕೇಳಿದ್ದಕ್ಕೆ ಸಂತೋಷಪಡುತ್ತಾರೆ.

ಈಗಾಗಲೇ ಹಾರುತ್ತಿರುವ ಹಿರಿಯರಲ್ಲೂ ಒಂದು ಕೋರಿಕೆ. ಬೇಲಿಯಾಚೆ ನಿಂತು ನೋಡುತ್ತಿರುವವರು ತಾವಾಗಿ ಒಳಗೆ ಬರುವುದಿಲ್ಲ, ನೀವೇ ಹೋಗಿ ಕರೆಯಬೇಕು. ಕರೆದು ಬರಿಯ ಮಾತನಾಡಿಸಿ ಕಳುಹಿಸದೆ ಕೈಗೊಂದು ಕೆಲಸ ಕೊಡಿ: ರೆಕ್ಕೆ ಹಾಸಲು ಒಂದು ತುದಿ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬ ನೆಡುವುದು, ಸಮಯ ಬರೆಯುವ ಪುಸ್ತಕ. ಅವರು ಏನು ಹಾರಿಸಬೇಕೆಂದಿದ್ದಾರೆ ಎಂದು ಕೇಳಿ, ಅದು ನಿಮ್ಮ ಬಗೆಯ ಯಂತ್ರವಲ್ಲದಿದ್ದರೆ ಅದನ್ನು ಹಾರಿಸುವವರ ಫೋನ್ ನಂಬರ್ ಹುಡುಕಿ ಕೊಡಿ. ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ ಬರಬೇಕೆಂದು ಹೇಳಿಯೇ ಕಳುಹಿಸಿ.